ಅಂಕನ ವಿಚಾರ: ಮೊದಲ ಹಚ್ಚೆಗೆ ಮುನ್ನ

ಕಳೆದ ಸಂಚಿಕೆಯವರೆಗೆ ಈ ಪಾಠದಲ್ಲಿ ಏಕಾದಶೀ ನಿರ್ಣಯದ ವಿಷಯವನ್ನು ನೋಡುತ್ತಿದ್ದೆವು. ದಶಮೀವೇಧದ ವಿಚಾರ ಇನ್ನೂ ಉಳಿದಿದೆ. ಅದನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು, ಪ್ರಕೃತ ಬೇರೊಂದು ವಿಷಯವನ್ನು ಎತ್ತಿಕೊಳ್ಳಬೇಕಾಗಿ ಬಂದಿದೆ. ವಾಚಕರು ಮನ್ನಿಸಬೇಕು. ಈ ವಿಷಯ ಇಂದು ನಮ್ಮ ಅನೇಕ ಮನೆಗಳಲ್ಲಿ ಊಟದ ಎಲೆಯ ಮುಂದೆ ಜಗಳಕ್ಕೆ ಕಾರಣವಾಗುತ್ತಿದೆ. ಹೇಳುವವರಿಲ್ಲದೆ ತಂದೆ-ಮಕ್ಕಳು ಮಾತು ಬಿಡುವವರೆಗೂ ಹೋಗುತ್ತಿದೆ.

ನಾವು ನೆಲೆಸಿರುವ ಪುಣೆಯಲ್ಲಿ, ಕಳೆದ ಜ್ಯೇಷ್ಠಮಾಸದ ಒಂದು ಭಾನುವಾರ ಪಾಠ ಮುಗಿದ ಮೇಲೆ, ವಿಜಯಪುರದ ಕಡೆಯಿಂದ ಬಂದು ಇಲ್ಲಿಯೇ ನೆಲೆನಿಂತ ಗೃಹಸ್ಥರೊಬ್ಬರು ತಮ್ಮ ಮಗನನ್ನು ಕರೆತಂದರು. ಹುಡುಗನಿಗೆ ಇಪ್ಪತ್ತೆರಡು. ಓದಿದವನು, ನೌಕರಿಯಲ್ಲಿರುವವನು, ವಿನಯವಂತ. ತಂದೆಯವರು ಕುಳಿತುಕೊಳ್ಳುವ ಮೊದಲೇ ಹೇಳಿದರು: “ಕಾಕಾ, ಇವಗ ನೀವರೆ ನಾಕು ಮಾತು ಹೇಳ್ರಿ. ಕೈಮ್ಯಾಲೆ ಹಚ್ಚಿ ಹಾಕಿಸ್ಕೋತೇನಂತಾನ. ಶಾಸ್ತ್ರದಾಗ ನಿಷೇಧ ಅದ ಅಂತ ಒಂದು ಮಾತು ಹೇಳಿಬಿಡ್ರಿ, ಮುಗೀತು.” ಹುಡುಗ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಕೇಳಿದ: “ಎಲ್ಲಿ ಅದ ಅಂತ ತೋರಸ್ರಿ ಅಜ್ಜಾ.”

ಪ್ರಶ್ನೆ ನ್ಯಾಯವಾದದ್ದು. ಪ್ರಮಾಣವನ್ನು ಕೇಳುವುದನ್ನು ನಮ್ಮ ಸಿದ್ಧಾಂತವೇ ನಮಗೆ ಕಲಿಸಿದೆ. ವಾಕ್ಯವನ್ನು ಎತ್ತಿ ತೋರಿಸದೆ “ನಿಷೇಧವಿದೆ” ಎಂದು ಹೇಳಿ, ವಯಸ್ಸಿನ ಬಲದಿಂದ ಹುಡುಗನ ಬಾಯಿ ಮುಚ್ಚಿಸುವುದು ನಮಗೆ ಸರಿಕಾಣಲಿಲ್ಲ. ಭಗವಂತನ ಭಜನೆಯನ್ನು ಕಾಯಿಕ, ವಾಚಿಕ, ಮಾನಸಿಕವೆಂದು ಹತ್ತು ಬಗೆಯಾಗಿ ವಿಂಗಡಿಸುವಾಗ ವಾಚಿಕದಲ್ಲಿ ಮೊದಲು ಬರುವುದು ಸತ್ಯ. ಬಳಿಕ ಹಿತ, ಪ್ರಿಯ, ಸ್ವಾಧ್ಯಾಯ. ಶಾಸ್ತ್ರದ ಹೆಸರಿನಲ್ಲಿ ಶಾಸ್ತ್ರದಲ್ಲಿಲ್ಲದ್ದನ್ನು ಹೇಳಿದರೆ ಆ ಮೊದಲನೆಯದೇ ಕೆಡುತ್ತದೆ. ಆದುದರಿಂದ ತಂದೆಯವರು ಬಯಸಿದ ಆ ಒಂದು ಮಾತು ನಮ್ಮ ಬಾಯಿಂದ ಹೊರಡಲಿಲ್ಲ. ಅವರಿಗೆ ಬೇಸರವಾಯಿತು, ಅದು ಮುಖದಲ್ಲಿಯೇ ಕಾಣುತ್ತಿತ್ತು.

ಏನನ್ನು ಬರೆಸಿಕೊಳ್ಳುವೆ ಎಂದು ಹುಡುಗನನ್ನು ಕೇಳಿದೆವು. ಮೊಬೈಲಿನಲ್ಲಿ ಚಿತ್ರ ತೋರಿಸಿದ. ನಾಗರೀ ಲಿಪಿಯಲ್ಲಿ ಸೊಗಸಾಗಿ ಬರೆದ ಎರಡು ಪದ: ಬೃಹದಾರಣ್ಯಕದ ಆ ಪ್ರಸಿದ್ಧ ವಾಕ್ಯ, ಪರಪಕ್ಷದವರು ಜೀವಬ್ರಹ್ಮೈಕ್ಯಕ್ಕೆ ಧ್ವಜದಂತೆ ಎತ್ತಿ ಹಿಡಿಯುವಂಥದು! ಮಾಧ್ವನ ತೋಳಿನ ಮೇಲೆ ಇದು ಯಾವ ನ್ಯಾಯವಪ್ಪಾ ಎಂದು ನಕ್ಕೆವು. “ಅರ್ಥ ಗೊತ್ತಿರಲಿಲ್ಲ ಅಜ್ಜಾ, ನೋಡ್ಲಿಕ್ಕೆ ಛಂದ ಇತ್ತು” ಎಂದ. ಶ್ರೀಮದಾಚಾರ್ಯರು ಅಲ್ಲಿಯ ಉತ್ತಮಪುರುಷ ಸರ್ವನಾಮವನ್ನೇ ‘ಅಹೇಯ’, ಅಂದರೆ ಬಿಡಲಾಗದವನು, ಎಂಬ ಅರ್ಥದಲ್ಲಿ ಭಗವನ್ನಾಮವಾಗಿ ವ್ಯಾಖ್ಯಾನಿಸಿದ್ದಾರೆಂಬುದನ್ನು ವಿವರಿಸಿದೆವು. ಆದರೆ ಆ ವ್ಯಾಖ್ಯಾನವನ್ನು ಕೆಳಗೆ ಟಿಪ್ಪಣಿಯಾಗಿ ಚುಚ್ಚಿಸಲು ತೋಳಿನಲ್ಲಿ ಸ್ಥಳವಿಲ್ಲ. ನೋಡಿದವರೆಲ್ಲರೂ ಇನ್ನೊಂದು ಅರ್ಥವನ್ನೇ ಓದುತ್ತಾರೆ. ಹುಡುಗ ಒಪ್ಪಿದ. ಆ ವಾಕ್ಯ ಅಲ್ಲಿಗೇ ಬಿಟ್ಟುಹೋಯಿತು. ಹಚ್ಚೆಯ ಆಸೆ ಬಿಡಲಿಲ್ಲ.

ತಂದೆಯವರ ಕಡೆ ತಿರುಗಿ, “ನಿಮ್ಮ ಅಜ್ಜಿಯವರ ಮುಂಗೈಯಲ್ಲಿ ಏನಿತ್ತು, ನೆನಪಿದೆಯೆ?” ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತುಳಸೀಕಟ್ಟಿ” ಎಂದರು. ನಮ್ಮ ಅಜ್ಜಿಯವರ ಮುಂಗೈಯಲ್ಲಿಯೂ ಅದೇ ಇತ್ತು. ಗಲ್ಲದ ಮೇಲೆ ಒಂದು ಚುಕ್ಕೆಯೂ ಇತ್ತು. ಕೊರವಂಜಿಯರು ಮನೆಬಾಗಿಲಿಗೆ ಬಂದು, ದೀಪದ ಕಪ್ಪಿಗೆ ಸೊಪ್ಪಿನ ರಸ ಬೆರೆಸಿ, ಸೂಜಿಗಳನ್ನು ಒಟ್ಟಿಗೆ ಕಟ್ಟಿ ಚುಚ್ಚುತ್ತಿದ್ದರೆಂದೂ, ನೋವು ಮರೆಯಲೆಂದು ಹಾಡು ಹೇಳುತ್ತಿದ್ದರೆಂದೂ ಅಜ್ಜಿ ಹೇಳುತ್ತಿದ್ದರು. ಮೈಮೇಲಿನ ಬಂಗಾರವನ್ನೆಲ್ಲ ಕೊನೆಗೆ ತೆಗೆದುಕೊಂಡುಬಿಡುತ್ತಾರೆ, ಹಚ್ಚೆಯೊಂದೇ ಸಂಗಡ ಬರುವ ಒಡವೆ ಎಂಬುದು ಆಗಿನ ಹೆಂಗಸರ ನಂಬಿಕೆ. ಇದನ್ನೇ ಮರಾಠಿಗರು ಗೋಂದಣವೆನ್ನುತ್ತಾರೆ, ಉತ್ತರದವರು ಗೋದನಾ ಎನ್ನುತ್ತಾರೆ, ತಮಿಳರಲ್ಲಿ ‘ಪಚ್ಚೈ ಕುತ್ತುವುದು’. ನಗರಕ್ಕೆ ಬಂದ ಮೇಲೆ ಒಂದು ತಲೆಮಾರು ಅದನ್ನು ಹಳ್ಳಿಯ ಗುರುತೆಂದು ನಾಚಿ ಬಿಟ್ಟಿತು. ಮುಂದಿನ ತಲೆಮಾರು ಅದನ್ನೇ ಇಂಗ್ಲಿಷ್ ಹೆಸರಿನಲ್ಲಿ, ಹವಾನಿಯಂತ್ರಿತ ಅಂಗಡಿಯಲ್ಲಿ, ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿಕೊಳ್ಳುತ್ತಿದೆ. ಆದುದರಿಂದ “ನಮ್ಮಲ್ಲಿ ಇಲ್ಲದ ಪದ್ಧತಿ” ಎಂಬ ಹಿರಿಯರ ವಾದವೂ ನಿಲ್ಲುವುದಿಲ್ಲ.

ರೈಲ್ವೆ ಸೇವೆಯಲ್ಲಿದ್ದಾಗ ನಾವು ಕೆಲಕಾಲ ಬಿಲಾಸಪುರದ ಕಡೆ ಇದ್ದೆವು. ಅಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ರಾಮನಾಮಿ ಸಮಾಜದ ವೃದ್ಧರೊಬ್ಬರನ್ನು ಮೊದಲ ಬಾರಿಗೆ ಕಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹಣೆ, ಕೆನ್ನೆ, ಕೈ, ಎದೆ, ಎಲ್ಲೆಲ್ಲಿಯೂ ರಾಮನಾಮದ ಹಚ್ಚೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ದೇವಾಲಯ ಪ್ರವೇಶವೇ ಇಲ್ಲದಿದ್ದ ಜನ, ಛತ್ತೀಸಗಢದಲ್ಲಿ ಪರಶುರಾಮ ಎಂಬವರ ನೇತೃತ್ವದಲ್ಲಿ ಆರಂಭಿಸಿದ ಸಂಪ್ರದಾಯವದು. ಗುಡಿಯೊಳಗೆ ಬಿಡದಿದ್ದರೆ ಮೈಯನ್ನೇ ಗುಡಿ ಮಾಡಿಕೊಂಡರು. ಆ ಸಮಾಜದ ಇಂದಿನ ಎಳೆಯರಲ್ಲಿ ಪೂರ್ತಿ ಮೈಗೆ ಹಾಕಿಸಿಕೊಳ್ಳುವವರು ವಿರಳ; ಊರು ಬಿಟ್ಟು ದುಡಿಯಲು ಹೋದಲ್ಲಿ ಜನ ನೋಡುವ ನೋಟಕ್ಕೆ ಅಂಜುತ್ತಾರೆ.

ಇನ್ನೊಂದು ನೆನಪು. ನೌಕರರ ಸೇವಾಪುಸ್ತಕದಲ್ಲಿ ‘ಗುರುತಿನ ಚಿಹ್ನೆಗಳು’ ಎಂಬ ಕಲಮು ಇರುತ್ತದೆ. ಬಿಹಾರ, ಉತ್ತರಪ್ರದೇಶಗಳ ಗ್ಯಾಂಗ್‌ಮನ್‌ಗಳ ಪುಸ್ತಕದಲ್ಲಿ “ಬಲ ಮುಂಗೈಯಲ್ಲಿ ಸ್ವಂತ ಹೆಸರಿನ ಹಚ್ಚೆ” ಎಂದು ಬರೆದಿರುವುದನ್ನು ಅನೇಕ ಸಲ ಕಂಡು, ಏನೋ ಬಾಲಿಶವೆಂದು ನಕ್ಕಿದ್ದೆವು. ಒಂದು ಮಳೆಗಾಲದ ಬೆಳಗಿನ ಜಾವ ಹಳಿಯ ಬಳಿ ದೊರೆತ ದೇಹವೊಂದರ ಗುರುತು ಹಿಡಿಯಲು ನಮ್ಮನ್ನು ಕರೆದರು. ಮುಂಗೈಯ ಹೆಸರಲ್ಲದೆ ಬೇರೆ ಏನೂ ಉಳಿದಿರಲಿಲ್ಲ. ಆ ಹೆಸರಿನಿಂದಾಗಿ ಅವನ ತಾಯಿಗೆ ಸುದ್ದಿ ಮುಟ್ಟಿತು, ಸಂಸ್ಕಾರವಾಯಿತು. ಅನಂತರ ನಾವು ಆ ಕಲಮನ್ನು ನೋಡಿ ನಗಲಿಲ್ಲ.

ಅಂಕನವೆಂದರೇನು?

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಮೈಮೇಲೆ ಗುರುತು ಧರಿಸುವುದಕ್ಕೆ ನಮ್ಮ ಸಂಪ್ರದಾಯದಲ್ಲಿ ಬಹಳ ಹಿರಿದಾದ ಸ್ಥಾನವಿದೆ. ಹದಿನಾಲ್ಕನೆಯ ಶತಮಾನದ ‘ಸರ್ವದರ್ಶನಸಂಗ್ರಹ’ದ ಕರ್ತೃ ನಮ್ಮವರಲ್ಲ, ಆದರೂ ಪೂರ್ಣಪ್ರಜ್ಞದರ್ಶನವನ್ನು ಹೇಳುವಾಗ, ಈ ಮತದಲ್ಲಿ ಭಗವತ್ಸೇವೆ ಮೂರು ವಿಧ, ಅಂಕನ, ನಾಮಕರಣ ಮತ್ತು ಭಜನ ಎಂದು ಯಥಾವತ್ತಾಗಿ ಸಂಗ್ರಹಿಸಿದ್ದಾರೆ. ಮೇಲೆ ಹೇಳಿದ ಹತ್ತು ಬಗೆಯ ಭಜನೆಯೂ ಅಲ್ಲಿಯದೇ. ಅಂಕನವೆಂದರೆ ನಾರಾಯಣನ ಆಯುಧಗಳ ಚಿಹ್ನೆಯನ್ನು ಮೈಮೇಲೆ ಧರಿಸುವುದು. ಅವನ ರೂಪ ಸದಾ ನೆನಪಿನಲ್ಲಿರಲೆಂದು. ನಾಮಕರಣವೆಂದರೆ ಮಕ್ಕಳಿಗೆ ಕೇಶವಾದಿ ನಾಮಗಳನ್ನಿಡುವುದು, ಕರೆದಾಗಲೆಲ್ಲ ನೆನಪಾಗಲೆಂದು. ಗಮನಿಸಬೇಕಾದುದು ಇಷ್ಟು: ಮೂರರಲ್ಲಿ ಮೊದಲು ಎಣಿಸಿರುವುದು ಅಂಕನವನ್ನು.

ಆಷಾಢ ಶುದ್ಧ ಏಕಾದಶಿಯಂದು ಸುದರ್ಶನ ಹೋಮದ ಅಗ್ನಿಯಲ್ಲಿ ಕಾಯಿಸಿದ ಮುದ್ರೆಗಳನ್ನು ಯತಿಗಳು ಶಿಷ್ಯರ ಬಲತೋಳಿಗೆ ಚಕ್ರ, ಎಡತೋಳಿಗೆ ಶಂಖವಾಗಿ ಒತ್ತುವ ತಪ್ತಮುದ್ರಾಧಾರಣೆಯನ್ನು ವಾಚಕರು ಬಲ್ಲರು. ಹೆಂಗಸರಿಗೆ ಮುಂಗೈಗೆ, ಹಸುಗೂಸಿಗೆ ಮುಟ್ಟಿಸಿದಂತೆ. ಋಗ್ವೇದದ ಒಂಬತ್ತನೆಯ ಮಂಡಲದ 83ನೆಯ ಸೂಕ್ತದ ಮೊದಲ ಮಂತ್ರದಲ್ಲಿ, ಮೈ ಕಾಯದ ಹಸಿಯಾದವನು ಅದನ್ನು ಹೊಂದಲಾರನೆಂಬ ಮಾತಿದೆ. ಇತರರು ಅದನ್ನು ತಪಸ್ಸಿನ ಪರವಾಗಿ ವ್ಯಾಖ್ಯಾನಿಸಿದರೆ, ನಮ್ಮವರು ಈ ತಾಪಕ್ಕೆ ಪ್ರಮಾಣವಾಗಿ ಹೇಳುತ್ತಾರೆ. ಶ್ರೀವೈಷ್ಣವರಲ್ಲಿಯೂ ಪಂಚಸಂಸ್ಕಾರದ ಮೊದಲನೆಯದು ತಾಪ. ಆದರೆ ಅವರದು ಜೀವಮಾನದಲ್ಲಿ ಒಮ್ಮೆ, ನಮ್ಮದು ಪ್ರತಿವರ್ಷ. ಚರ್ಮ ಕೆಲವು ದಿನಗಳಲ್ಲಿ ಸಿಪ್ಪೆಯೇಳುತ್ತದೆ, ಗುರುತು ಕ್ರಮೇಣ ಮಾಸುತ್ತದೆ, ಮತ್ತೆ ಆಷಾಢ ಬರುತ್ತದೆ. ಇದಲ್ಲದೆ ನಿತ್ಯವೂ ಗೋಪೀಚಂದನದ ಮುದ್ರೆಗಳಿವೆ. ಸ್ನಾನಕ್ಕೆ ಹೋಗುತ್ತವೆ, ಸ್ನಾನದ ಮೇಲೆ ಬರುತ್ತವೆ.

ಹಚ್ಚೆಗೂ ಇದಕ್ಕೂ ಇರುವ ಅಂತರವನ್ನು ಹುಡುಗನಿಗೆ ಹೀಗೆ ಹೇಳಿದೆವು. ಮುದ್ರೆ ಗುರುಗಳು ಕೊಟ್ಟದ್ದು. ಹಚ್ಚೆ ನಾವು ಕೊಂಡದ್ದು. ಮುದ್ರೆಯ ಆಕಾರವನ್ನು ನಾವು ಆರಿಸುವುದಿಲ್ಲ. ಯತಿಗಳಿಗೂ, ಅಡಿಗೆಯವನಿಗೂ, ಬ್ಯಾಂಕಿನ ಅಧಿಕಾರಿಗೂ ಅದೇ ಚಕ್ರ, ಅದೇ ಶಂಖ. ಮುದ್ರೆ ಮಾಸುವುದರಿಂದ ಪ್ರತಿವರ್ಷ ಹೋಗಿ ಮತ್ತೆ ಕೈಯೊಡ್ಡಬೇಕಾಗುತ್ತದೆ. ಹಚ್ಚೆ ಮಾಸುವುದಿಲ್ಲ, ಇಪ್ಪತ್ತೆರಡರಲ್ಲಿ ಒಮ್ಮೆ ನಿಶ್ಚಯಿಸಿದ್ದು ಎಂಬತ್ತರಲ್ಲಿಯೂ ಹಾಗೆಯೇ ಇರುತ್ತದೆ, ನಿಶ್ಚಯಿಸಿದವನು ಬದಲಾದರೂ. ಆದುದರಿಂದ ಹಚ್ಚೆಯ ಶಂಖಚಕ್ರಗಳು ಮುದ್ರಾಧಾರಣೆಗೆ ಪ್ರತಿನಿಧಿಯಾಗಲಾರವು. ಹೋಮವಿಲ್ಲ, ಮಂತ್ರವಿಲ್ಲ, ಗುರುಹಸ್ತವಿಲ್ಲ. “ಹಚ್ಚಿ ಅದಲ್ಲ, ಇನ್ನು ಮುದ್ರಿ ಯಾಕ” ಎಂದು ಮುಂದೊಂದು ದಿನ ಮನಸ್ಸು ಹೇಳುವುದಾದರೆ ಅಂಥ ಹಚ್ಚೆ ಬೇಡ. ಹಾಗೆ ಹೇಳುವುದಿಲ್ಲವೆಂಬ ಧೈರ್ಯವಿದ್ದರೆ, ಅದು ಅಜ್ಜಿಯ ಮುಂಗೈಯ ತುಳಸಿಯಂತೆ ಲೌಕಿಕವಾದ ಒಂದು ಅಲಂಕಾರ. ಲೌಕಿಕಕ್ಕೆ ತಕ್ಕ ಎಚ್ಚರಿಕೆಯಿಂದ ವಿಚಾರಿಸಿದರೆ ಸಾಕು.

ಆಗ ಹುಡುಗ ಒಂದು ಮಾತು ಹೇಳಿದ. “ಅಜ್ಜಾ, ನಾ ಮುದ್ರಿ ಹಾಕಿಸಿಕೊಂಡು ಹನ್ನೊಂದು ವರ್ಷಾತು. ಯಾರೂ ಕರಕೊಂಡು ಹೋಗ್ಲಿಲ್ಲ.” ತಂದೆಯವರು ನೆಲ ನೋಡಿದರು. ನಾವೂ ನೆಲ ನೋಡಬೇಕಾದವರೇ. ವರ್ಗಾವಣೆಯ ನೌಕರಿಯಲ್ಲಿ, ಸುತ್ತ ಮಠವೇ ಇಲ್ಲದ ಊರುಗಳಲ್ಲಿ, ಎಷ್ಟೋ ಆಷಾಢಗಳು ನಮಗೂ ಬರಿದೆ ಕಳೆದಿವೆ. ರಜೆ ಸಿಗಲಿಲ್ಲವೆಂಬುದು ಅರ್ಧ ಸತ್ಯ, ಕೇಳಲಿಲ್ಲವೆಂಬುದು ಉಳಿದರ್ಧ. ಪರಸ್ಥಳದಲ್ಲಿರುವವರಿಗೆ ಏಕಾದಶಿಯಂದೇ ಒದಗದಿದ್ದರೆ ಚಾತುರ್ಮಾಸ್ಯದಲ್ಲಿ ಯತಿಗಳು ನಗರಕ್ಕೆ ದಯಮಾಡಿಸಿದಾಗ, ಅಥವಾ ಅವರು ಸಂಕಲ್ಪಿಸಿದ ಕ್ಷೇತ್ರಕ್ಕೆ ಹೋಗಿ, ಮುದ್ರೆ ಪಡೆಯುವ ರೂಢಿ ಇದ್ದೇ ಇದೆ.

ಚರ್ಮದ ಸಂಗತಿ

ಅಸ್ತು. ಹಚ್ಚೆ ಹಾಕಿಸಿಕೊಳ್ಳುವವನು ಮೊದಲು ತಿಳಿಯಬೇಕಾದುದು ಅದು ಹೇಗೆ ನಿಲ್ಲುತ್ತದೆ ಎಂಬುದು. ಚರ್ಮದ ಹೊರಪದರ ಸುಮಾರು ಒಂದು ತಿಂಗಳಿಗೊಮ್ಮೆ ಹೊಸದಾಗುತ್ತಲೇ ಇರುತ್ತದೆ. ಅಲ್ಲಿ ಬಿದ್ದ ಬಣ್ಣ ನಿಲ್ಲದು. ಸೂಜಿ ಒಂದೆರಡು ಮಿಲಿಮೀಟರ್ ಇಳಿದು, ಕೆಳಗಿನ ಒಳಪದರದಲ್ಲಿ ಬಣ್ಣ ಬಿಡುತ್ತದೆ. ಅಲ್ಲಿ ಹೊರಗಿನಿಂದ ಬಂದುದನ್ನು ನುಂಗುವ ರಕ್ಷಕ ಕೋಶಗಳು ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಅರಗಿಸಲಾರವು. ಒಂದು ಕೋಶ ಸತ್ತರೆ ಅದು ಬಿಟ್ಟ ಬಣ್ಣವನ್ನು ಹೊಸ ಕೋಶ ನುಂಗಿ ಅಲ್ಲಿಯೇ ಕೂರುತ್ತದೆ; ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಪರೀಕ್ಷಿಸಿ ಇದನ್ನು ತೋರಿಸಿದ್ದಾರೆ. ಅಂದರೆ ಹಚ್ಚೆಯೆಂಬುದು ಮೇಲೆ ಬಳಿದ ಬಣ್ಣವಲ್ಲ; ದೇಹ ತನ್ನೊಳಗಿನ ಪರಕೀಯ ವಸ್ತುವನ್ನು ಜೀವಮಾನವೆಲ್ಲ ಕಾವಲು ಕಾಯುವ ಕೆಲಸ. ಇಂದಿನ ವಿದ್ಯುತ್ ಯಂತ್ರಕ್ಕೆ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒರೈಲಿ ಎಂಬವನು 1891ರಲ್ಲಿ ಪೇಟೆಂಟ್ ಪಡೆದ. ಎಡಿಸನ್ನನ ವಿದ್ಯುತ್ ಲೇಖನಿಯೇ ಅದಕ್ಕೆ ಮೂಲ. ಕಾಗದಕ್ಕೆ ತೂತು ಕೊರೆದು ಪ್ರತಿ ತೆಗೆಯಲು ಮಾಡಿದ ಲೇಖನಿ ಮನುಷ್ಯನ ಮೈಗೆ ಬಂದಿತು!

ಗಾಯವೆಂದ ಮೇಲೆ ಗಾಯದ ಭಯವೂ ಇದೆ. ಒಬ್ಬರಿಗೆ ಬಳಸಿದ ಸೂಜಿ ಅಥವಾ ಬಣ್ಣದ ಬಟ್ಟಲಿನಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೊದಲಾದ ಸೋಂಕುಗಳು ಇನ್ನೊಬ್ಬರಿಗೆ ತಗಲಬಹುದು. ಜಾತ್ರೆಯಲ್ಲಿ, ಸಮುದ್ರತೀರದಲ್ಲಿ, ಒಂದೇ ಸೂಜಿಯಿಂದ ಸಾಲಾಗಿ ಹಾಕುವವರ ಬಳಿ ಖಂಡಿತ ಕೂರಬಾರದು. ಈ ಮೂರರಲ್ಲಿ ಲಸಿಕೆಯಿರುವುದು ಹೆಪಟೈಟಿಸ್ ಬಿ ಒಂದಕ್ಕೆ ಮಾತ್ರ. ದೊಡ್ಡವರಿಗೆ ಸಾಮಾನ್ಯವಾಗಿ ಮೂರು ಚುಚ್ಚುಮದ್ದು, ಮೊದಲನೆಯದರ ಒಂದು ತಿಂಗಳ ಬಳಿಕ ಎರಡನೆಯದು, ಆರು ತಿಂಗಳ ಬಳಿಕ ಮೂರನೆಯದು. ನಮ್ಮ ಹುಡುಗನಿಗೆ ಶೈಶವದಲ್ಲಿ ಹಾಕಿಸಿದ ದಾಖಲೆ ಮನೆಯಲ್ಲಿ ಸಿಗಲಿಲ್ಲ. ವೈದ್ಯರು ಹೊಸದಾಗಿ ಆರಂಭಿಸಿದರು. ಆರು ತಿಂಗಳು ಕಾಯಬೇಕೆ ಎಂದು ಅವನು ಮುಖ ಸಣ್ಣದು ಮಾಡಿಕೊಂಡ. ಒಮ್ಮೆ ಹಾಕಿಸಿದ್ದು ಅರವತ್ತು ವರ್ಷ ಇರುವುದಾದರೆ ಆರು ತಿಂಗಳು ಎಷ್ಟರದು ಎಂದೆವು.

ಗಾಯವಾದಲ್ಲಿ ಚರ್ಮ ಉಬ್ಬಿ ಗಂಟಾಗಿ ಬೆಳೆಯುವ ಪ್ರಕೃತಿ ಕೆಲವರದು, ಕೀಲಾಯ್ಡ್ ಎನ್ನುತ್ತಾರೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಅದು ಬಿಳಿಯರಿಗಿಂತ ಹೆಚ್ಚು. ಎದೆ, ಭುಜಗಳಲ್ಲಿ ವಿಶೇಷ. ಕಿವಿ ಚುಚ್ಚಿದಲ್ಲಿ, ಹಳೆಯ ಗಾಯದಲ್ಲಿ, ಮನೆಯ ಹಿರಿಯರಲ್ಲಿ ಅಂಥ ಗಂಟು ಇದ್ದರೆ ಹಚ್ಚೆಯ ವಿಚಾರವನ್ನು ಕೈಬಿಡುವುದೇ ಲೇಸು. ಮಧುಮೇಹಿಗಳು, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ಚರ್ಮರೋಗವಿರುವವರು ವೈದ್ಯರನ್ನು ಕೇಳದೆ ಹೊರಡಬಾರದು. ಬಣ್ಣಗಳಲ್ಲಿ ಕಪ್ಪು ಹೆಚ್ಚಾಗಿ ಇಂಗಾಲದ ಕಪ್ಪೇ, ನಮ್ಮ ದೀಪದ ಕಾಡಿಗೆಯ ಬಂಧು. ಕೆಂಪು ಬಣ್ಣಕ್ಕೆ ಅಲರ್ಜಿಯಾಗುವುದು ಉಳಿದವಕ್ಕಿಂತ ಹೆಚ್ಚು. ಮೊದಲು ತಾತ್ಕಾಲಿಕವಾಗಿ ನೋಡೋಣವೆಂದು ‘ಕಪ್ಪು ಮೆಹೆಂದಿ’ಯ ಮೊರೆಹೋಗುವುದೂ ಬೇಡ, ಅದರಲ್ಲಿ ಕೂದಲ ಬಣ್ಣದ ರಾಸಾಯನಿಕ ಬೆರೆಸಿರುತ್ತಾರೆ, ಮೈ ಬೊಕ್ಕೆಯೆದ್ದೀತು. ಸಾಮಾನ್ಯ ಮದರಂಗಿಯಿಂದ ಅದೇ ಆಕಾರವನ್ನು ಅದೇ ಸ್ಥಳದಲ್ಲಿ ಬರೆದು, ನಾಲ್ಕು ಸಲ ಮಾಸುವವರೆಗೆ ನೋಡುತ್ತಿದ್ದರೆ ಬೇಸರ ಬರುತ್ತದೋ ಇಲ್ಲವೋ ತಾನೇ ತಿಳಿಯುತ್ತದೆ.

ಅಂಗಡಿಯನ್ನು ಮುಂಚಿತವಾಗಿ ಹೋಗಿ ನೋಡಬೇಕು. ಹೋದ ದಿನವೇ ಕೂರಬಾರದು. ನಮ್ಮ ಎದುರಿಗೇ ಮುಚ್ಚಿದ ಪೊಟ್ಟಣವನ್ನು ಒಡೆದು ಹೊಸ ಸೂಜಿ ತೆಗೆಯುತ್ತಾರೆಯೆ, ಪ್ರತಿಯೊಬ್ಬರಿಗೂ ಬೇರೆ ಬಟ್ಟಲಲ್ಲಿ ಬಣ್ಣ ಹಾಕುತ್ತಾರೆಯೆ, ಕೈಗವಸು ಬದಲಿಸುತ್ತಾರೆಯೆ, ಮತ್ತೆ ಬಳಸುವ ಭಾಗಗಳನ್ನು ಆಟೋಕ್ಲೇವಿನ ಹಬೆಯಲ್ಲಿ ಶುದ್ಧಿ ಮಾಡುತ್ತಾರೆಯೆ ಎಂದು ನಿಂತು ನೋಡಬೇಕು. ಮಡಿಯ ವಿಚಾರದಲ್ಲಿ ನಮ್ಮ ಮನೆಗಳ ಹೆಂಗಸರು ಎಷ್ಟು ಸೂಕ್ಷ್ಮವೋ ಅಷ್ಟೇ ಸೂಕ್ಷ್ಮತೆ ಇಲ್ಲಿ ಬೇಕು. ಕೇಳಿದ್ದಕ್ಕೆ ಸಿಡುಕುವವರ ಅಂಗಡಿಯಿಂದ ಎದ್ದು ಬರುವುದು. ಹದಿನೆಂಟು ತುಂಬದವರು ಈ ಗೋಜಿಗೇ ಹೋಗಬಾರದು.

ಎಲ್ಲಿ ಹಾಕಿಸಿಕೊಳ್ಳಬೇಕೆಂಬುದೂ ಸಣ್ಣ ಪ್ರಶ್ನೆಯಲ್ಲ. ದೇವರ ಹೆಸರಾಗಲಿ ಆಕಾರವಾಗಲಿ ಸೊಂಟದ ಕೆಳಗೆ ಸರ್ವಥಾ ಕೂಡದು. ನಮ್ಮ ಅಭಿಪ್ರಾಯದಲ್ಲಿ ದೇವರ ಮುಖವನ್ನು ಚಿತ್ರಿಸುವುದೇ ಬೇಡ. ಮೈ ದಪ್ಪವಾಗುತ್ತದೆ, ಸೊರಗುತ್ತದೆ, ಚರ್ಮ ಜೋಲುತ್ತದೆ, ವಕ್ರವಾದ ಮುಖವನ್ನು ಮೊಮ್ಮಕ್ಕಳು ನೋಡಿ ನಗಬೇಕಾದೀತು. ಸೈನ್ಯಕ್ಕೆ ಸೇರುವ ಆಸೆಯುಳ್ಳವರಿಗೆ ಇನ್ನೊಂದು ಮಾತು: ಭಾರತೀಯ ಸೇನೆಯ ನಿಯಮದಂತೆ ಶಾಶ್ವತ ಹಚ್ಚೆಗೆ ಅವಕಾಶವಿರುವುದು ಮುಂಗೈಯ ಒಳಭಾಗದಲ್ಲಿ ಹಾಗೂ ಅಂಗೈಯ ಹಿಂಬದಿಯಲ್ಲಿ ಮಾತ್ರ; ಬುಡಕಟ್ಟಿನವರಿಗೆ ಪ್ರತ್ಯೇಕ ರಿಯಾಯಿತಿ ಇದೆ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಸೆಲ್ಯೂಟ್ ಹೊಡೆಯದ ಎಡಗೈಯ ಒಳಭಾಗವೆಂದು ನಿಯಮ, ಅಳತೆಗೂ ಮಿತಿಯಿದೆ. ಶಂಖಚಕ್ರಗಳನ್ನು ತೋಳಿನ ಮೇಲೆ ಚುಚ್ಚಿಸಿಕೊಂಡವನು ಭಕ್ತನಾದರೂ ದೈಹಿಕ ಪರೀಕ್ಷೆಯಲ್ಲಿ ಹಿಂದಿರುಗಬೇಕಾದೀತು. ತಪ್ತಮುದ್ರೆಯಾದರೋ ಮಾಸಿರುತ್ತದೆ. ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಮುಂದುವರಿಯುವುದು.

ಅಕ್ಷರಶುದ್ಧಿ

ಇದು ನಮ್ಮ ಪ್ರಿಯವಾದ ಭಾಗ. ಎರಡು ಮಾತು ಹೆಚ್ಚಾದರೆ ವಾಚಕರು ಸಹಿಸಬೇಕು. ಹುಡುಗ ಎರಡನೆಯ ಸಲ ಬಂದಾಗ ತಂದ ಚಿತ್ರದಲ್ಲಿ ‘ಶ್ರೀಕೃಷ್ಣಾರ್ಪಣಮಸ್ತು’ ಎಂದಿತ್ತು. ಸಂತೋಷವಾಯಿತು. ಕನ್ನಡಕ ಹಾಕಿಕೊಂಡು ನೋಡಿದೆವು; ಸಂತೋಷ ಇಳಿಯಿತು. ಅರ್ಪಣದ ಮೂರ್ಧನ್ಯ ಣಕಾರವಿರಬೇಕಾದಲ್ಲಿ ದಂತ್ಯ ನಕಾರ. ರೇಫದ ಕೊಂಡಿ ಪಕಾರದ ನೆತ್ತಿಯ ಮೇಲಿರಬೇಕಾದದ್ದು ಹಿಂದಿನ ಅಕ್ಷರದ ಮೇಲೆ ಕುಳಿತಿತ್ತು. ಅಂಗಡಿಯವರು ಎಲ್ಲಿಂದಲೋ ಎತ್ತಿ, ಕಂಪ್ಯೂಟರಿನಲ್ಲಿ ಹಾಕಿ, ಅಲಂಕಾರದ ಬಾಲಗಳನ್ನು ಸೇರಿಸಿದ್ದರು. ಕಾಗದದ ಮೇಲೆ ತಪ್ಪಾದರೆ ತಿದ್ದೋಲೆ ಹಾಕಬಹುದು. ಇಲ್ಲಿ ಲೇಸರಿನಿಂದಲೇ ತಿದ್ದಬೇಕು. ಅದಕ್ಕೆ ವಾರಗಳ ಅಂತರದಲ್ಲಿ ಅನೇಕ ಸಲ ಹೋಗಬೇಕು, ಹಾಕಿಸಿದ್ದಕ್ಕಿಂತ ಹೆಚ್ಚು ಹಣ, ಹೆಚ್ಚು ನೋವು. ಕಪ್ಪು ಬಣ್ಣ ಬೇಗ ಒಡೆಯುತ್ತದೆ; ಹಸಿರು, ನೀಲಿ, ಹಳದಿ ಹಟಮಾರಿಗಳು; ಪೂರ್ತಿ ಹೋದೀತೆಂಬ ಭರವಸೆಯೂ ಇಲ್ಲ.

ಆದುದರಿಂದ ಸಂಸ್ಕೃತವಾಗಲಿ ಕನ್ನಡವಾಗಲಿ, ಬರೆಸುವ ಮುನ್ನ ಭಾಷೆ ಬಲ್ಲ ಇಬ್ಬರಿಗೆ ಬೇರೆ ಬೇರೆಯಾಗಿ ತೋರಿಸಬೇಕು. ಹ್ರಸ್ವ ದೀರ್ಘ, ಅನುಸ್ವಾರ ವಿಸರ್ಗ, ಒತ್ತಕ್ಷರಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಬೇಕು. ಸ್ಟೆನ್ಸಿಲ್ ಚರ್ಮಕ್ಕೆ ಅಂಟಿಸಿದ ಮೇಲೆ, ಸೂಜಿ ತಗಲುವ ಮುನ್ನ, ಮತ್ತೊಮ್ಮೆ ಓದಬೇಕು. ಕನ್ನಡಿಯಲ್ಲಿ ಓದಿದರೆ ತಿರುವುಮುರುವಾಗಿ ಕಂಡು ಮೋಸವಾಗುತ್ತದೆ, ಸಂಗಡ ಬಂದವರು ನೇರವಾಗಿ ಓದಲಿ. ವರ್ಷಗಳು ಕಳೆದಂತೆ ಬಣ್ಣದ ಗೆರೆ ಚರ್ಮದೊಳಗೆ ಸ್ವಲ್ಪ ಹರಡುತ್ತದೆಯಾಗಿ, ಸಣ್ಣಕ್ಷರದ ಸಂಯುಕ್ತಗಳು ಒಂದಕ್ಕೊಂದು ಸೇರಿ ಮಸಿಯ ಮುದ್ದೆಯಾಗುತ್ತವೆ. ಉಪದೇಶದಿಂದ ಬಂದ ಮಂತ್ರಗಳನ್ನು, ಗಾಯತ್ರಿಯನ್ನು, ಬೀಜಾಕ್ಷರಗಳನ್ನು ಬರೆಸಲೇಬಾರದು. ಕಿವಿಯಲ್ಲಿ ಹೇಳಿದ್ದು ಲೋಕಲ್ ರೈಲಿನಲ್ಲಿ ಕಂಬಿ ಹಿಡಿದು ನಿಂತವರೆಲ್ಲ ಓದುವುದಕ್ಕಲ್ಲ.

ಆ ದಿನದ ವಿಷಯ ಸ್ವಲ್ಪದರಲ್ಲಿ ಹೇಳುತ್ತೇವೆ. ಏಕಾದಶಿಯ ಉಪವಾಸದಲ್ಲಿ ಹೋಗಕೂಡದು; ಬರಿಹೊಟ್ಟೆಯಲ್ಲಿ ತಲೆ ತಿರುಗಿ ಬೀಳುವವರುಂಟು. ಊಟ ಮಾಡಿ, ನಿದ್ದೆ ಮಾಡಿ, ಸಡಿಲವಾದ ಹತ್ತಿಯ ಅಂಗಿ ತೊಟ್ಟು ಹೋಗಬೇಕು. ಬಳಿಕ ಎರಡರಿಂದ ನಾಲ್ಕು ವಾರ ಗಾಯವೆಂದೇ ಭಾವಿಸಿ, ಸಾಬೂನಿನಿಂದ ಮೃದುವಾಗಿ ತೊಳೆದು, ಹೇಳಿದ ಮುಲಾಮನ್ನು ತೆಳುವಾಗಿ ಹಚ್ಚಬೇಕು. ಹೊಪ್ಪಳೆಯನ್ನು ಕೀಳಬಾರದು, ಬಿಸಿಲಿಗೆ ಒಡ್ಡಬಾರದು. ನದಿ, ಪುಷ್ಕರಿಣಿ, ಸಮುದ್ರ, ಈಜುಕೊಳ ಯಾವುದರಲ್ಲಿಯೂ ಮುಳುಗುವಂತಿಲ್ಲ. ಆದ್ದರಿಂದ ಕ್ಷೇತ್ರಯಾತ್ರೆಯ, ತೀರ್ಥಸ್ನಾನದ, ಮನೆಯ ಶ್ರಾದ್ಧದ ದಿನಗಳನ್ನು ಪಂಚಾಂಗದಲ್ಲಿ ನೋಡಿಕೊಂಡು ದೂರದ ದಿನವನ್ನು ಆರಿಸಬೇಕು. ಹಸಿಗಾಯದ ಮೇಲೆ ಗೋಪೀಚಂದನ, ಅಂಗಾರ ಯಾವುದನ್ನೂ ಹಚ್ಚಬಾರದು, ಮಣ್ಣು ಮಣ್ಣೇ. ಕೆಂಪು ಹರಡಿದರೆ, ಕೀವಾದರೆ, ಜ್ವರ ಬಂದರೆ ಅಂಗಡಿಯವರನ್ನಲ್ಲ, ವೈದ್ಯರನ್ನು ಕೇಳಬೇಕು.

ಕಾಯಿಕ ಭಜನೆಯಲ್ಲಿ ದಾನ, ಪರಿತ್ರಾಣ, ಪರಿರಕ್ಷಣಗಳನ್ನು ಎಣಿಸಿದ್ದಾರೆ. ನಮ್ಮ ಹುಡುಗ ವರ್ಷಕ್ಕೆರಡು ಸಲ ರಕ್ತದಾನ ಮಾಡುವವನು. ನಮ್ಮ ದೇಶದ ರಕ್ತನಿಧಿಗಳ ನಿಯಮದಂತೆ ಹಚ್ಚೆ ಹಾಕಿಸಿಕೊಂಡವರು ಹನ್ನೆರಡು ತಿಂಗಳು ರಕ್ತ ಕೊಡುವಂತಿಲ್ಲ. ಇದನ್ನು ಕೇಳಿದಾಗ ಅವನು ಯೋಚನೆಗೆ ಬಿದ್ದಷ್ಟು ಬೇರೆ ಯಾವುದಕ್ಕೂ ಬೀಳಲಿಲ್ಲ. ಕೊನೆಗೆ, ಹಚ್ಚೆಗೆ ಮುನ್ನ ಒಮ್ಮೆ ಕೊಟ್ಟುಬಿಡುತ್ತೇನೆ ಎಂದ.

ಆಷಾಢದಲ್ಲಿ ತಂದೆ-ಮಗ ಇಬ್ಬರೂ ಸಾಲಿನಲ್ಲಿ ನಿಂತು ಮುದ್ರೆ ಹಾಕಿಸಿಕೊಂಡರು. ತಂದೆಯವರಿಗೂ ಎಷ್ಟೋ ವರ್ಷಗಳ ಬಳಿಕವಂತೆ. ಮಗನಿಗಿಂತ ಅವರೇ ಹೆಚ್ಚು ಉಸ್ಸೆಂದರು. ಎರಡು ಚುಚ್ಚುಮದ್ದು ಆಗಿವೆ. ಮೂರನೆಯದು ಪುಷ್ಯದ ಕೊನೆಗೆ. ನಾವು ಬರೆದುಕೊಟ್ಟ ಅಕ್ಷರಗಳ ಕಾಗದ ಅವರ ಮನೆಯ ಕಪಾಟಿನ ಬಾಗಿಲಿಗೆ ಅಂಟಿಕೊಂಡಿದೆ. ಹುಡುಗ ಈಗಲೂ ಹಾಕಿಸಿಕೊಳ್ಳುತ್ತೇನೆಂದೇ ಹೇಳುತ್ತಾನೆ. ತಂದೆಯವರು ಈಗಲೂ ಬೇಡವೆಂದೇ ಹೇಳುತ್ತಾರೆ. ಆದರೆ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಕಳೆದ ಭಾನುವಾರ ಪಾಠಕ್ಕೆ ಬಂದಾಗ ತಂದೆಯವರು ನಮ್ಮನ್ನು ಬದಿಗೆ ಕರೆದು, ಮಗನಿಗೆ ಕೇಳಿಸದಂತೆ ಹೇಳಿದರು: “ಕಾಕಾ, ಅಕ್ಷರ ಒಂದೀಟು ದೊಡ್ಡದು ಬರದು ಕೊಡ್ರಿ. ಸಣ್ಣದಾದ್ರ ಣಕಾರ ಮುಚ್ಚಿಹೋದೀತು.”